ಎಲ್ಲಿ ಕುಡೀಬೇಕು ಸ್ವಾಮಿ?

(ಅಕ್ಟೋಬರ್ 1ರ ರಾತ್ರಿ. ಊರಾಚೆಯ ಸಿಎಲ್-2 ಮದ್ಯದಂಗಡಿಯ ಹಿಂದೆ, ಕೆರೆ ಏರಿ. ಟಾರ್ಚಿನ ಬೆಳಕು.)

ಪೇದೆ: ಯಾರಯ್ಯಾ ಅದು? ಏನ್ ಮಾಡ್ತಿದ್ದೀಯ?

ಗಿರಾಕಿ: ಸರ್ಕಾರದ ಬೊಕ್ಕಸ ತುಂಬಿಸ್ತಿದ್ದೀನಿ ಸಾರ್.

ಪೇದೆ: ಸಾರ್ವಜನಿಕ ಸ್ಥಳದಲ್ಲಿ ಕುಡಿಯೋದು ಅಪರಾಧ. 1965ರ ಅಬಕಾರಿ ಕಾಯ್ದೆ, ಕಲಂ 15ಎ. ಗೊತ್ತಾ?

ಗಿರಾಕಿ: ಅಂಗಡಿಯೋನು ಬಾಟ್ಲಿ ಕೊಟ್ಟ. ಪಕ್ಕದ ಗೂಡಂಗಡಿಯೋನು ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ಉಪ್ಪಿನಕಾಯಿ ಕೊಟ್ಟ. ಕಲಂ ಮಾತ್ರ ಯಾರೂ ಕೊಡ್ಲಿಲ್ಲ.

ಪೇದೆ: ಸಿಎಲ್-2 ಅಂದ್ರೆ ಕೊಂಡ್ಕೊಂಡು ಹೋಗೋದು ಅಷ್ಟೇ. ಕೂತು ಕುಡಿಯೋಕೆ ಸಿಎಲ್-9 ಬಾರ್ ಇಲ್ವಾ?

ಗಿರಾಕಿ: ಅಲ್ಲಿ ಕುರ್ಚಿಗೂ ಸೇರಿಸಿ ಬಿಲ್ಲು ಹಾಕ್ತಾರೆ ಸಾರ್.

ಪೇದೆ: ಹಾಗಾದ್ರೆ ಮನೇಲಿ ಕುಡಿ.

ಗಿರಾಕಿ: ಅಲ್ಲಿ ನಮ್ಮೋಳ ಕಾಯ್ದೆ. ಅದಕ್ಕೆ ಜಾಮೀನಿಲ್ಲ.

ಪೇದೆ: ಬೆಳಿಗ್ಗೆ ಗದ್ದೆಗೆ ಹೋಗೋರ ಕಾಲಿಗೆ ಬಾಟ್ಲಿ ಚೂರು ಚುಚ್ಚುತ್ತಲ್ಲಯ್ಯಾ?

ಗಿರಾಕಿ: ಅದು ನಿನ್ನೆ ಕುಡಿದೋರದು. ನಾನು ಜವಾಬ್ದಾರಿಯಿಂದ ಕುಡಿಯೋನು.

(ಈ ನಾಡಿನಲ್ಲಿ ಬಾಟ್ಲಿ ಒಡೆದವನು ಯಾವತ್ತೂ ನಿನ್ನೆಯವನೇ.)

ಪೇದೆ: ಈ ಬೈಕು?

ಗಿರಾಕಿ: ನಂದೇ.

ಪೇದೆ: 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ 10,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು. ಎರಡೂ ಬಿದ್ರೂ ಬೀಳಬಹುದು.

ಗಿರಾಕಿ: ಅದಕ್ಕೇ ಸಾರ್, ಕುಡಿದ ದಿನ ತಪ್ಪದೆ ಹೆಲ್ಮೆಟ್ ಹಾಕ್ಕೋತೀನಿ.

ಪೇದೆ: ಕೀ ಕೊಡು, ನಡಿ ಸ್ಟೇಷನ್ನಿಗೆ!

ಗಿರಾಕಿ: ತಗೊಳ್ಳಿ. ಹಳ್ಳದಲ್ಲಿ ನಿಧಾನ ಸಾರ್, ಬಾಕ್ಸಲ್ಲಿ ಬಾಟ್ಲಿಗಳಿವೆ. ನಾಳೆ ಗಾಂಧಿ ಜಯಂತಿ, ಅಂಗಡಿ ಮುಚ್ಚಿರ್ತಾರೆ ನೋಡಿ.