ಕುಂಬಳಕಾಯಿ ಕಳ್ಳನ ಹೆಗಲು

ಚಿಕ್ಕಪಡಸಲಗಿ ಬ್ಯಾರೇಜಿನ ಮೇಲೆ ನಿಂತು, ಅಳಿಯನಿಗೆ ಕೃಷ್ಣೆಯ ಹಿನ್ನೀರು ತೋರಿಸಲೆಂದು ಬಲಗೈ ಎತ್ತಿದೆ. ಕೈ ಏಳಲಿಲ್ಲ, ಹೆಗಲಷ್ಟೇ ಎದ್ದು ಕಿವಿಯ ಹತ್ತಿರ ಬಂತು. ‘ಗೊತ್ತಿಲ್ಲಂದ್ರ ಬಿಡ್ರಿ ಮಾವಾರ, ಯಾರನ್ನರ ಕೇಳೂನು’ ಅಂದ ಅಳಿಯ.

ಮೂರು ತಿಂಗಳಿಂದ ಹೀಗೇ. ನಾನು ಏನು ತೋರಿಸಹೋದರೂ ಜನಕ್ಕೆ ಅದು ‘ಯಾರಿಗ್ಗೊತ್ತು’ ಅಂದಂತೆ ಕಾಣುತ್ತದೆ. ರಟ್ಟಿ ಹಿಡಕೊಂಡೈತಿ ಅಂತ ಊರವರು, ಫ್ರೋಜನ್ ಶೋಲ್ಡರ್ ಅಂತ ಡಾಕ್ಟರು. ಕೀಲನ್ನು ಸುತ್ತಿದ ಚೀಲ ದಪ್ಪಗಾಗಿ ಬಿಗಿಯುತ್ತದಂತೆ. ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚು. ಸುತ್ತ ಎತ್ತ ನೋಡಿದರೂ ಕಬ್ಬು. ನನ್ನ ಮೈಯಲ್ಲಿ ಸಕ್ಕರೆ ಇದ್ದರೆ ಯಾರೇನು ಮಾಡಲಾದೀತು?

ಅಂಗಿ ತೊಡುವುದನ್ನು ಅರವತ್ತರ ಹತ್ತಿರ ಮತ್ತೆ ಕಲಿತೆ. ನೋಯುವ ಕೈ ಮೊದಲು ತೋಳಿಗೆ, ಆಮೇಲೆ ನೆಟ್ಟಗಿದ್ದದ್ದು, ಬಿಚ್ಚುವಾಗ ತಿರುವುಮುರುವು. ಮುಧೋಳದ ರನ್ನ ಭೀಮನ ಕೈಗೆ ಗದೆ ಕೊಟ್ಟ. ಪಕ್ಕದ ತಾಲೂಕಿನ ನನಗೆ ತಲೆಯ ಮೇಲೆ ಒಂದು ಚರಗಿ ನೀರು ಸುರಿದುಕೊಳ್ಳಲಾಗದು.

ಡಾಕ್ಟರು ಮೇಜಿನ ಮೇಲಿದ್ದ ಚಹಾದ ಬಸಿ ತೋರಿಸಿದರು. ತೊಡೆಯ ಕೀಲಿಗೆ ಆಳವಾದ ಕುಣಿ ಇದೆ, ಹೆಗಲಿಗೆ ಇಂಥದೊಂದು ಬಸಿ ಮಾತ್ರ. ಅದರ ಮೇಲೆ ತೋಳೆಲುಬಿನ ಗುಂಡು, ನಿಂಬೆಹಣ್ಣು ಇಟ್ಟಹಾಗೆ. ಗುಂಡಿನ ಮೂರರಲ್ಲಿ ಒಂದು ಪಾಲೂ ಬಸಿಗೆ ತಾಗುವುದಿಲ್ಲ. ಮತ್ತೆ ಬೀಳದೆ ನಿಂತದ್ದು ಹೇಗೆ? ನಾಲ್ಕು ಸಣ್ಣ ಸ್ನಾಯುಗಳು ತೇರಿನ ಮಿಣಿ ಹಿಡಿದವರ ಹಾಗೆ ಸುತ್ತಲಿಂದ ಜಗ್ಗಿ ಹಿಡಿದಿರುತ್ತವೆ. ಕುಣಿ ಆಳವಿಲ್ಲವೆಂದೇ ಈ ಕೈ ಬೆನ್ನು ತುರಿಸುತ್ತದೆ, ಲಾಳಿ ಎಳೆಯುತ್ತದೆ, ದೇವರಿಗೆ ಏಳುತ್ತದೆ. ಎಲ್ಲಕ್ಕಿಂತ ಸುಲಭವಾಗಿ ಕೀಲು ತಪ್ಪುವುದೂ ಇಲ್ಲೇ. ಕೈ ಪೂರಾ 180 ಡಿಗ್ರಿ ಏಳುವಾಗ ಗುಂಡು ತಿರುಗುವುದು ಸುಮಾರು 120. ಉಳಿದ 60ನ್ನು ಹೆಗಲಹಲಗೆ ಬೆನ್ನ ಮೇಲೆ ಜಾರಿ ತುಂಬಿಕೊಡುತ್ತದೆ. ನನ್ನ ಗುಂಡು ಮುಷ್ಕರ ಹೂಡಿದೆ, ಹಲಗೆಯೊಂದೇ ದುಡಿಯುತ್ತಿದೆ. ಹಾಗಾಗಿ ಕಿವಿಗೆ ಬರುವ ಹೆಗಲು.

‘ಈ ಕೈ ಆ ಹೆಗಲ ಮ್ಯಾಲ ಇಡ್ರಿ’ ಅಂದರು. ಕೀಲು ತಪ್ಪಿದೆಯೋ ಇಲ್ಲವೋ ನೋಡುವ ಹಳೇ ಪರೀಕ್ಷೆಯಂತೆ, ಮೊಣಕೈ ಎದೆಗೆ ಹತ್ತಿದರೆ ಕೀಲು ನೆಟ್ಟಗಿದೆ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ, ಅವನದು ಗಟ್ಟಿ ಕೀಲೇ ಇರಬೇಕು. ನನ್ನ ಕೈ ಅಂಗಿಯ ಗುಂಡಿಯ ಹತ್ತಿರವೇ ನಿಂತಿತು. ಕದ್ದರೂ ನಾನು ಸಿಕ್ಕಿಬೀಳುವವನಲ್ಲ.

ಅಳಿಯನ ಜತೆ ನಿಂತಿದ್ದ ಈ ಬ್ಯಾರೇಜು ಸರಕಾರ ಕಟ್ಟಿದ್ದಲ್ಲ. ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ಕೃಷ್ಣಾ ತೀರದ ರೈತರು ತಾವೇ ದುಡ್ಡು ಹಾಕಿ, ಮೈಬಗ್ಗಿಸಿ 1989ರಲ್ಲಿ ನಿಲ್ಲಿಸಿದ್ದು. ಹೆಸರೂ ಶ್ರಮಬಿಂದು ಸಾಗರ. 1991ರ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ನ್ಯಾಮಗೌಡರು ದಿಲ್ಲಿಗೆ ಹೋದರು. ಅಳಿಯನಿಗೆ ಇಷ್ಟನ್ನೂ ಕೈ ಬಳಸದೆ ಹೇಳಿದೆ.

ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಕೇಳಿಸಿಕೊಂಡು ನಕ್ಕರು. ಆಗ ದುಡಿದವರಂತೆ.

‘ಎಲ್ಲಾ ತಲಿ ಮ್ಯಾಲ ಹೊತ್ರೇನ್ರಿ ಕಾಕಾ?’

‘ಬುಟ್ಟಿ ತಲಿ ಮ್ಯಾಲ. ಹಾರಿ, ಸಲಿಕಿ ಇದರ ಮ್ಯಾಲ’ ಅಂದವರೇ ಎಡಗೈ ಎದೆ ದಾಟಿಸಿ ಬಲ ಹೆಗಲನ್ನು ಎರಡು ಸಲ ತಟ್ಟಿಕೊಂಡರು. ಮೊಣಕೈ ಎದೆಗೆ ಹತ್ತಿಕೊಂಡೇ ಇತ್ತು.