ಶಿಶುನಿದ್ರಾ ಮೀಮಾಂಸೆ: ಹಗಲು ಖಂಡ

ಶಿಶುನಿದ್ರೆಯು ರಾತ್ರಿಯದು, ಹಗಲಿನದು ಎಂದು ದ್ವಿವಿಧವಾಗಿದೆ. ಮೊದಲನೆಯದರ ದಾಖಲೆಗಳು ತಾಯಂದಿರ ಕಣ್ಣ ಕೆಳಗೆ ಕಪ್ಪಗೆ ಸ್ಪಷ್ಟವಾಗಿ ಲಭ್ಯವಿರುವುದರಿಂದ ಪ್ರಸ್ತುತ ಪ್ರಬಂಧವು ಎರಡನೆಯದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಎತ್ತಿಕೊಂಡದ್ದನ್ನು ಕೆಳಗಿಟ್ಟ ಕೂಡಲೇ ಎಚ್ಚರವಾಗುವುದೇ ಈ ಕ್ಷೇತ್ರದ ಮೂಲ ಸಮಸ್ಯೆ.

ಅಧ್ಯಯನದ ವ್ಯಾಪ್ತಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಸಂಶೋಧಕನ ಹೆಂಡತಿಯ ತವರು ಇಳಕಲ್ ಎಂಬುದಕ್ಕೂ ಈ ಆಯ್ಕೆಗೂ ಯಾವ ಸಂಬಂಧವೂ ಇಲ್ಲ. ಸುಮಾರು 850ರ ಹೊತ್ತಿನ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಮೊದಲು ಹೆಸರಿಸುವುದು ಕಿಸುವೊಳಲನ್ನು, ಅಂದರೆ ಇಂದಿನ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲನ್ನು. ಆದ್ದರಿಂದ ಈ ಸೀಮೆಯ ಕೂಸಿನ ಅಳು ಕನ್ನಡದ ಅತ್ಯಂತ ಶುದ್ಧ ಅಳು ಎಂದು ಗ್ರಹಿಸಲಾಗಿದೆ. ಮೈಸೂರು ಕಡೆಯ ಅಳುವಿನೊಂದಿಗೆ ತೌಲನಿಕ ಅಧ್ಯಯನ ನಡೆಸುವ ಉದ್ದೇಶವಿತ್ತು; ಅನುದಾನ ಬರಲಿಲ್ಲ.

ಸಮಸ್ಯೆಯ ಸ್ವರೂಪ ಇಂತಿದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಕೂಸಿಗೆ ಎಣ್ಣೆ ತಿಕ್ಕಿ ಎರೆಯುತ್ತಾರೆ. ಲೋಬಾನದ ಹೊಗೆ ಹಾಕುತ್ತಾರೆ (ಹೊಗೆ ಎಳೆಯ ಎದೆಗೂಡಿಗೆ ಒಳ್ಳೆಯದಲ್ಲ ಎಂದು ಮಕ್ಕಳ ಡಾಕ್ಟರು ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಂಡು, ಆಮೇಲೆ ಹಾಕುತ್ತಾರೆ). ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದರೆ ಕೂಸು ಮಲಗುತ್ತದೆ. ಬಾಣಂತಿ ಹತ್ತು ನಿಮಿಷ ಅದು ನಿಜವಾಗಿ ಮಲಗಿದೆಯೇ ಎಂದು ನೋಡುತ್ತಾಳೆ. ಇನ್ನು ಹತ್ತು ನಿಮಿಷ ಅದು ಉಸಿರಾಡುತ್ತಿದೆಯೇ ಎಂದು ನೋಡುತ್ತಾಳೆ. ಆಮೇಲೆ ಎರಡು ತುತ್ತು ಉಂಡು, ತಾನೂ ಒಂದಿಷ್ಟು ಅಡ್ಡಾಗೋಣವೆಂದು ದಿಂಬು ಸರಿಮಾಡಿಕೊಳ್ಳುತ್ತಾಳೆ. ದಿಂಬಿಗೂ ತಲೆಗೂ ನಾಲ್ಕು ಬೆರಳು ಅಂತರವಿರುವಾಗ ತೊಟ್ಟಿಲೊಳಗಿಂದ ಕಾಲು ಬಡಿಯುವ ಸಪ್ಪಳ ಬರುತ್ತದೆ.

ಓಣಿಯ ವಿದ್ವತ್ಸಭೆ ಇದಕ್ಕೆ ಕೊಡುವ ಕಾರಣಗಳು: ದೃಷ್ಟಿ ತಾಗಿದೆ, ಹೊಟ್ಟೆ ನುಲಿಯುತ್ತಿದೆ, ಬಾಣಂತಿ ಬದನೆಕಾಯಿ ತಿಂದಿದ್ದಾಳೆ. ಈ ವಾದಗಳಿಗೆ ಎದುರಾಗಿ 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ನಿದ್ರೆಯಲ್ಲಿ ಕಣ್ಣುಗುಡ್ಡೆ ಸರಸರನೆ ಓಡಾಡುವ ಘಟ್ಟವೊಂದಿದೆಯೆಂದು ತೋರಿಸಿಕೊಟ್ಟರು. ಅಸೆರಿನ್‌ಸ್ಕಿ ಮೊದಮೊದಲು ಕುಳಿತು ನೋಡಿದ್ದು ಮಲಗಿದ ಕೂಸುಗಳ ರೆಪ್ಪೆಗಳನ್ನೇ. ಅಂದರೆ ನಮ್ಮ ಅಜ್ಜಿಯರು ಸಂಬಳವಿಲ್ಲದೆ ಮಾಡುತ್ತ ಬಂದ ಕೆಲಸವನ್ನೇ ಅವನು ವಿಶ್ವವಿದ್ಯಾಲಯದಲ್ಲಿ ಮಾಡಿದ. ದೊಡ್ಡವರ ನಿದ್ರೆಯ ಒಂದು ಸುತ್ತು ಸುಮಾರು 90 ನಿಮಿಷವಾದರೆ ಕೂಸಿನದು 45ರಿಂದ 50. ಸುತ್ತು ಮುಗಿದಾಗ ನಿದ್ರೆ ತೆಳುವಾಗುತ್ತದೆ, ಕೂಸು ಕಣ್ಣು ಬಿಡುತ್ತದೆ. ಬದನೆಕಾಯಿಗೂ ಇದಕ್ಕೂ ನಂಟಿಲ್ಲ. ಹಗಲು ಯಾವುದು, ರಾತ್ರಿ ಯಾವುದು ಎಂಬ ಲೆಕ್ಕ ಮೈಯೊಳಗೆ ಕೂಡಿಬರುವುದು ಎರಡು ಮೂರು ತಿಂಗಳಿಗೆ; ಹಗಲಿನ ತುಂಡು ನಿದ್ದೆಗಳು ಉದ್ದವಾಗತೊಡಗುವುದು ಹೆಚ್ಚಿನ ಕೂಸುಗಳಲ್ಲಿ ಐದಾರು ತಿಂಗಳು ತುಂಬುವ ಹೊತ್ತಿಗೆ. ಅಲ್ಲಿಯತನಕ ಅರ್ಧ ಮುಕ್ಕಾಲು ಗಂಟೆಗೆ ಏಳುವುದು ರೋಗವಲ್ಲ, ಕೂಸಿನ ಸ್ವಭಾವ. ಇಷ್ಟನ್ನು ಸಭೆಯ ಮುಂದೆ ಮಂಡಿಸಿದಾಗ ಬಂದ ಏಕೈಕ ಪ್ರತಿಕ್ರಿಯೆ: "ಹೌದೇನಪಾ? ಹಂಗಾರ ಇವತ್ತ ಸಂಜಿಗೆ ದೃಷ್ಟಿ ತಗೀರಿ."

ಈಗ ಪೂರ್ವಪಕ್ಷ. ಕೂಸು ಮಲಗಿದಾಗ ಮನೆ ಪಿಟ್ಟೆನ್ನಬಾರದು ಎಂಬುದು ನಿಶ್ಶಬ್ದವಾದಿಗಳ ಮತ. ಇವರ ಮನೆಯಲ್ಲಿ ಕುಕ್ಕರು ಕೂಗುವಂತಿಲ್ಲ, ಮುತ್ಯಾ ಕೆಮ್ಮುವಂತಿಲ್ಲ. ಇವರಿಗೆ ಬಾದಾಮಿಯಲ್ಲಿ ಗಟ್ಟಿ ಆಧಾರವಿದೆ. 578ರಲ್ಲಿ ಚಾಲುಕ್ಯರ ಮಂಗಳೇಶ ಮಾಡಿಸಿದ ಮೂರನೆಯ ಗುಹೆಯಲ್ಲಿ ವಿಷ್ಣು ಶೇಷನ ಮೇಲೆ ಮಲಗಿಲ್ಲ, ಎದ್ದು ಕುಳಿತಿದ್ದಾನೆ. ಅದೇ ಊರಿನ ಕೆರೆಯ ಆಚೆ ಭೂತನಾಥ ಗುಡಿಗಳ ಕಡೆ ಹೋದರೆ ಬಂಡೆಯಲ್ಲಿ ಕೊರೆದ ಅನಂತಶಯನ ನಿಶ್ಚಿಂತೆಯಾಗಿ ಮಲಗಿದ್ದಾನೆ. ಒಂದೇ ದೇವರು, ಒಂದೇ ಊರು, ಒಂದೇ ಹಾಸಿಗೆ. ಒಂದು ಕಡೆ ಎಚ್ಚರ, ಇನ್ನೊಂದು ಕಡೆ ನಿದ್ದೆ ಏಕೆ? ಗುಹೆಗಳ ಕಡೆ ಮಂಗಗಳೂ ಶಾಲೆಯ ಟ್ರಿಪ್ಪಿಗೆ ಬಂದ ಹುಡುಗರೂ ದಿನವಿಡೀ ಹಾಕುವ ಗದ್ದಲವೇ ಕಾರಣವೆಂದು ನಿಶ್ಶಬ್ದವಾದಿಗಳು ಸಾಧಿಸುತ್ತಾರೆ. ಚಾಲುಕ್ಯರ ಕಾಲದಲ್ಲಿ ಶಾಲೆಯ ಟ್ರಿಪ್ಪುಗಳಿರಲಿಲ್ಲ ಎಂಬ ಆಕ್ಷೇಪಕ್ಕೆ ಅವರಲ್ಲಿ ಉತ್ತರವಿಲ್ಲ, ಮಂಗಗಳಿದ್ದವು ಎನ್ನುತ್ತಾರೆ.

ಬಾದಾಮಿಯಲ್ಲಿದ್ದಾಗಲೇ ಕಪ್ಪೆ ಅರಭಟ್ಟನ ಶಾಸನವನ್ನೂ ಪರಿಶೀಲಿಸಬೇಕು. ಸುಮಾರು 700ರ ಈ ಬಂಡೆಬರಹದಲ್ಲಿ ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳಿವೆ. ಉತ್ತರ ಕರ್ನಾಟಕದ ತಾಯಂದಿರು ತೊಟ್ಟಿಲು ತೂಗುತ್ತ, ಬೀಸುಕಲ್ಲು ತಿರುವುತ್ತ ಹಾಡಿಕೊಂಡು ಬಂದದ್ದೂ ತ್ರಿಪದಿಯನ್ನೇ. ಶಾಸನದ ನಾಯಕ ಒಳ್ಳೆಯವರಿಗೆ ಒಳ್ಳೆಯವನಂತೆ, ಸವಿಯಾದವರಿಗೆ ಸವಿಯಂತೆ, ಕಾಡಿದವರ ಪಾಲಿಗೆ ಮಾತ್ರ ಬೇರೆಯೇ ಅವತಾರವಂತೆ. ಇವನು ವೀರನೆಂದು ಪಂಡಿತರು ಓದಿದ್ದಾರೆ. ನಮ್ಮ ಓದಿನ ಪ್ರಕಾರ ಇವನಿಗೆ ನಾಲ್ಕು ತಿಂಗಳು. ಕಟ್ಟಿದ ಸಿಂಹವನ್ನು, ನಮಗೇನಾದೀತು ಎಂದು ಬಿಟ್ಟವರು ಕೆಟ್ಟರು ಎಂಬ ಅರ್ಥದ ಮಾತೂ ಅಲ್ಲಿ ಇರುವುದರಿಂದ ಸಂಶಯಕ್ಕೆ ಎಡೆಯೇ ಇಲ್ಲ. ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಕೂಸನ್ನು ನೋಡಲು ಬಂದ ನೆಂಟರೊಬ್ಬರು ಬಿಚ್ಚಿ ನೋಡಿದ್ದಾರೆ. ಮುಂದಿನದನ್ನು ಶಾಸನಕಾರ ಕಲ್ಲಿನಲ್ಲಿ ಬರೆದಿಟ್ಟಿದ್ದಾನೆ. (ಸುತ್ತುವವರು ತೊಡೆ ಮತ್ತು ಕಾಲುಗಳ ಕಡೆ ಸಡಿಲ ಬಿಡಬೇಕು. ಬಿಗಿದು ಕಟ್ಟಿದರೆ ಸೊಂಟದ ಕೀಲಿಗೆ ತೊಂದರೆ. ಕೂಸು ಮಗ್ಗುಲಾಗಲು ಕಲಿತ ಮೇಲೆ ಸುತ್ತುವುದನ್ನೇ ಬಿಡಬೇಕು. ಇದು ಶಾಸನದಲ್ಲಿಲ್ಲ.)

ನಿಶ್ಶಬ್ದವಾದ ಬಿದ್ದುಹೋಗುವುದು ಇಳಕಲ್ಲಿನಲ್ಲಿ. ನೇಕಾರರ ಮನೆಯೊಂದರ ನಡುಮನೆಯಲ್ಲಿ ಅರ್ಧ ಜಾಗ ಕುಣಿಮಗ್ಗಕ್ಕೆ, ಉಳಿದರ್ಧ ಸಂಸಾರಕ್ಕೆ. ಮಗ್ಗದಿಂದ ಎರಡು ಮಾರು ದೂರದಲ್ಲಿ ಜಂತಿಗೆ ಕಟ್ಟಿದ ತೊಟ್ಟಿಲು. ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತವರು ತುಳಿದಂತೆ, ಲಾಳಿ ಓಡಿದಂತೆ ಖಟ್ ಖಟ್ ಸಪ್ಪಳ ಮನೆಯ ಗೋಡೆಗೆಲ್ಲ ತಾಗುತ್ತಿದ್ದರೂ ತೊಟ್ಟಿಲೊಳಗಿನ ಐದು ತಿಂಗಳ ಯಜಮಾನ ಬಾಯಿ ತೆರೆದು, ಎರಡೂ ಕೈ ತಲೆಯ ಮೇಲೆ ಚೆಲ್ಲಿ ಮಲಗಿದ್ದ. ಎಳೆಯೊಂದು ಹರಿಯಿತು. ಮಗ್ಗ ನಿಂತಿತು. ನೇಕಾರ ಬಗ್ಗಿ ತುದಿ ಹುಡುಕುವಷ್ಟರಲ್ಲಿ ತೊಟ್ಟಿಲು ಅಲುಗಿತು. ಅಡುಗೆಮನೆಯಿಂದ ಆಯಿ ಕೂಗಿದಳು: "ಲಗೂ ಹಚ್ಚೋ ಯಪ್ಪಾ ಮಗ್ಗ, ಕೂಸು ಎದ್ದೀತು!"

ಕೂಸನ್ನು ಎಬ್ಬಿಸುವುದು ಸಪ್ಪಳವಲ್ಲ, ಸಪ್ಪಳ ಬದಲಾಗುವುದು. ಒಂಬತ್ತು ತಿಂಗಳು ತಾಯಿಯ ಎದೆಬಡಿತ, ರಕ್ತದ ಓಟ, ಹೊಟ್ಟೆಯ ಗುಡುಗುಡು ಕೇಳಿ ಬಂದವರಿಗೆ ಮೌನವೇ ಹೊಸದು. 1990ರಲ್ಲಿ ಇಂಗ್ಲೆಂಡಿನ ವೈದ್ಯರು ಹಸುಗೂಸುಗಳಿಗೆ ಏಕತಾನದ ಭೋರೆನ್ನುವ ಸದ್ದು ಕೇಳಿಸಿ ನೋಡಿದರು. 20ರಲ್ಲಿ 16 ಕೂಸುಗಳು ಐದೇ ನಿಮಿಷದೊಳಗೆ ಮಲಗಿದವು. ಸದ್ದಿಲ್ಲದೆ ಅಷ್ಟೇ ಹೊತ್ತಿನಲ್ಲಿ ಮಲಗಿದವು 20ರಲ್ಲಿ 5. ಬಾಗಲಕೋಟೆಯಲ್ಲಿ ಈ ಪ್ರಯೋಗ ದಿನಾ ಹನ್ನೊಂದಕ್ಕೆ ನಡೆಯುತ್ತದೆ, ಅದಕ್ಕೆ ರೊಟ್ಟಿ ಬಡಿಯುವುದು ಎಂದು ಹೆಸರು. ರೊಟ್ಟಿ ಬಡಿಯುವ ತನಕ ಕೂಸು ಗಪ್‌ಚಿಪ್. ಕೊನೆಯ ರೊಟ್ಟಿ ಹಂಚಿಗೆ ಬಿತ್ತೋ, ಕಣ್ಣು ತೆರೆಯಿತು. ಈಗ ಮೊಬೈಲಿನಲ್ಲಿ ಮಳೆಯ ಸದ್ದು ಹಚ್ಚಿ ಕೂಸಿನ ಕಿವಿಯ ಪಕ್ಕಕ್ಕೇ ಇಡುವವರಿದ್ದಾರೆ. ಅದನ್ನು ದೂರವಿಟ್ಟು, ಸಣ್ಣಗೆ ಹಚ್ಚಬೇಕು. ಹೋಳಿಹುಣ್ಣಿಮೆಯ ಬಾಗಲಕೋಟೆಯ ಹಲಗಿಯನ್ನು ಮಾತ್ರ ಯಾವ ಸಿದ್ಧಾಂತವೂ ವಿವರಿಸಲಾರದು. ಆ ದಿನಗಳಲ್ಲಿ ಕೂಸಿನ ಜೊತೆ ಊರಿಗೆ ಊರೇ ಎಚ್ಚರವಿರುವುದರಿಂದ ಅದನ್ನು ಅಧ್ಯಯನದಿಂದ ಕೈಬಿಡಲಾಗಿದೆ.

ಸಪ್ಪಳವೊಂದರಿಂದಲೇ ನಿದ್ದೆ ಉದ್ದವಾಗದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ಕೊಂಡಿ ಕೆಲಸ ಕಣ್ಣಿಗೂ ಬೆರಳಿಗೂ ಬೇಸರ ತರುವಂಥದ್ದು. ಅದಾದ ಮೇಲೆಯೇ ಟೋಪ ತೆನಿ ಸೆರಗು. ಕೂಸಿನ ಒಂದು ಸುತ್ತಿನ ನಿದ್ದೆಯನ್ನು ಮುಂದಿನ ಸುತ್ತಿಗೆ ಕೂಡಿಸುವುದೂ ಇದೇ ಕುಶಲತೆ. ನಲವತ್ತು ನಿಮಿಷದ ಹೊತ್ತಿಗೆ ಕೂಸು ಮುಲುಗುತ್ತದೆ, ಮುಖ ಕಿವುಚುತ್ತದೆ, ಒಂದು ಕಾಲು ಎತ್ತಿ ಧಪ್ಪೆಂದು ಬಿಡುತ್ತದೆ. ಇವೆಲ್ಲ ನಿದ್ದೆಯೊಳಗಿನ ವ್ಯವಹಾರಗಳೇ. ಆಗ "ಎದ್ದೇನೋ ನನ್ನಪ್ಪಾ!" ಎಂದು ಬಾಚಿ ಎತ್ತಿಕೊಂಡವರೇ ಅದನ್ನು ಪೂರ್ತಿ ಎಬ್ಬಿಸಿದವರು. ಎತ್ತದೆ, ಮಾತಾಡಿಸದೆ, ಕಣ್ಣಿಗೆ ಕಣ್ಣು ಕೊಡದೆ, ಎದೆಯ ಮೇಲೆ ಅಂಗೈ ಹಗುರಾಗಿ ಇಟ್ಟು ಒಂದೆರಡು ನಿಮಿಷ ಕಾದರೆ ಎಷ್ಟೋ ಸಲ ಕೊಂಡಿ ಕೂಡುತ್ತದೆ. ಕೂಡದಿದ್ದರೆ ಎತ್ತಿಕೊಳ್ಳಿರಿ, ಕೂಸು ಹಸಿದಿರಬಹುದು. ಶಾಸ್ತ್ರಕ್ಕಾಗಿ ಕೂಸನ್ನು ಅಳಿಸಬೇಕೆಂದು ಈ ಪ್ರಬಂಧ ಹೇಳುವುದಿಲ್ಲ.

ಮಲಗಿಸುವ ಹೊತ್ತನ್ನೂ ನೋಡಬೇಕು. ಚೆನ್ನಾಗಿ ದಣಿದರೆ ಚೆನ್ನಾಗಿ ಮಲಗುತ್ತದೆ ಎಂಬುದು ದೊಡ್ಡವರ ಲೆಕ್ಕ. ಮೂರು ನಾಲ್ಕು ತಿಂಗಳ ಕೂಸಿಗೆ ಒಂದೂವರೆ ಎರಡು ತಾಸಿನ ಎಚ್ಚರವೇ ಸಾಕು. ಅದು ಮೀರಿದರೆ ಕೂಸು ಮಲಗದೆ ರಚ್ಚೆ ಹಿಡಿಯುತ್ತದೆ, ಮಲಗಿದರೂ ಇಪ್ಪತ್ತು ನಿಮಿಷಕ್ಕೆ ಏಳುತ್ತದೆ. ಕಿವಿ ಜಗ್ಗಿಕೊಳ್ಳುವುದು, ಗೋಡೆಯತ್ತ ಶೂನ್ಯವಾಗಿ ನೋಡುವುದು, ಆಡಿಸಿದರೆ ಮುಖ ತಿರುವುವುದು ಕಂಡ ಕೂಡಲೇ ಆಯಿ "ನಿದ್ದಿಗೆ ಬಂದೈತಿ" ಎಂದುಬಿಡುತ್ತಾಳೆ. ಅವಳು ಗಡಿಯಾರ ನೋಡಿದ್ದನ್ನು ಸಂಶೋಧಕ ಕಂಡಿಲ್ಲ.

ಎದೆಯ ಮೇಲಿಂದ ತೊಟ್ಟಿಲಿಗೆ ಇಳಿಸುವ ಕ್ಷಣದ ಮೇಲೆ ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕುಮಿ ಕುರೋಡಾ ಅವರ ತಂಡ ಕೆಲಸ ಮಾಡಿದೆ. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಅಡ್ಡಾಡಿರಿ. ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿರಿ. ಆಮೇಲೆ ಇಳಿಸಿರಿ ಎಂಬುದು 2022ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಸಾರ. ಇಳಕಲ್ಲಿನ ಪಾಠಾಂತರ: "ಅಂಗಳದಾಗ ಅಡ್ಡಾಡು, ಮಲಗಿದ ಮ್ಯಾಲ ಕುಂದ್ರು, ಒಂದ ಎಲಿ ಅಡಕಿ ಹಾಕ್ಕೊಂಡ ಮ್ಯಾಲ ಹಾಕು." ಎಲೆ ಅಡಿಕೆ ಅಗಿಯುವ ಹೊತ್ತನ್ನು ಅಳೆದಾಗ ಜಪಾನಿನ ಲೆಕ್ಕಕ್ಕೆ ಸರಿಹೊಂದಿತು. ಆಯಿಗೆ ಇದನ್ನು ತಿಳಿಸಿದಾಗ ಅವಳು ಜಪಾನಿನವರೂ ಎಲೆ ಅಡಿಕೆ ಹಾಕುತ್ತಾರೆಯೇ ಎಂದು ಮಾತ್ರ ವಿಚಾರಿಸಿದಳು.

ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅನುಕೂಲಸ್ಥರಿಗೆ ತವರಿನಿಂದ ಬಣ್ಣದ ಕಲಘಟಗಿ ತೊಟ್ಟಿಲು, ಉಳಿದವರಿಗೆ ತೊಳೆದು ತೊಳೆದು ಮೆತ್ತಗಾದ ಹಳೇ ಇಳಕಲ್ ಸೀರೆಯ ಜೋಳಿಗಿ. ಹುನಗುಂದದ ಎರೆಹೊಲಗಳಲ್ಲಿ ಕಸ ತೆಗೆಯುವವರು ಅದನ್ನೇ ಬೇವಿನ ಗಿಡಕ್ಕೆ ಕಟ್ಟುತ್ತಾರೆ, ತೂಗುವ ಕೆಲಸ ಗಾಳಿಯದು. ಅದೇ ತಾಲ್ಲೂಕಿನ ಐಹೊಳೆಯ ದುರ್ಗಾ ಗುಡಿಯ ಹಿಂಭಾಗ ದುಂಡಗಿರುವುದು ತೊಟ್ಟಿಲಿನ ಪ್ರಭಾವ ಎಂಬ ನಮ್ಮ ಊಹೆಯನ್ನು ಶಿಲ್ಪಶಾಸ್ತ್ರಜ್ಞರು ಗಜಪೃಷ್ಠ ಎಂಬ ಒಂದೇ ಮಾತಿನಿಂದ ತಳ್ಳಿಹಾಕಿದ್ದಾರೆ. ಹಳೆ ಬಾಗಲಕೋಟೆಯ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದವರ ಕಷ್ಟ ಬೇರೆ: ಜಂತಿಯೇ ಇಲ್ಲ. ಸ್ಲ್ಯಾಬ್ ಹಾಕುವಾಗಲೇ ಹುಕ್ಕು ಬಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಪಕರಣ ಯಾವುದೇ ಇರಲಿ, ಗಟ್ಟಿಯಾದ ಸಪಾಟು ಹಾಸಿಗೆ, ಅಂಗಾತ ಮಲಗಿಸುವುದು, ಮುಖದ ಹತ್ತಿರ ದಿಂಬು ಕೌದಿ ಇಲ್ಲದಿರುವುದು ಎಲ್ಲಕ್ಕಿಂತ ಕ್ಷೇಮ ಎಂಬುದು ಇಂದಿನ ಮಕ್ಕಳ ವೈದ್ಯರ ಒಮ್ಮತ. ಏಪ್ರಿಲ್‌ನಲ್ಲಿ 40 ಡಿಗ್ರಿ ಬಿಸಿಲಿದ್ದಾಗಲೂ ಕೂಸಿಗೆ ಕುಂಚಿಗಿ ಕಟ್ಟಿ "ಗಾಳಿ ಹೊಡೀತೈತಿ" ಎನ್ನುವವರು ಒಮ್ಮೆ ಅದರ ಕತ್ತಿನ ಹಿಂದೆ ಬೆರಳಿಟ್ಟು ಬೆವರು ನೋಡಬೇಕು.

ತೂಗಿ ತೂಗಿ ಚಟ ಹತ್ತಿಸಬೇಡಿರಿ ಎಂದು ಹೊಸ ಪುಸ್ತಕಗಳು ಎಚ್ಚರಿಸುತ್ತವೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ಕುಡಿತ, ತಂಬಾಕುಗಳನ್ನು ಭಿಕ್ಷೆಯಾಗಿ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ತೂಗಿಸಿಕೊಳ್ಳುವ ಚಟವನ್ನೂ ಆ ಜೋಳಿಗೆಗೆ ಹಾಕಬಹುದೇ ಎಂದು ಯೋಚಿಸುತ್ತ ಸಂಶೋಧಕ ನಡುಮನೆಗೆ ಬಂದಾಗ ಕೂಸು ಹಿತ್ತಲಲ್ಲಿ ತಾಯಿಯ ಸೊಂಟದ ಮೇಲಿತ್ತು. ಮುತ್ಯಾ ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಖಾಲಿ ತೊಟ್ಟಿಲು ತೂಗುತ್ತಿದ್ದ. ಚಟ ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಅಣಕವನ್ನು ಬದಿಗಿಟ್ಟು ಒಂದು ಮಾತು. ನಮ್ಮ ಸೀಮೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಕೂಸು ಮಲಗಿರಲೆಂದು ಅಫೀಮಿನ ಬಾಲಗೋಳಿ ಕೊಡುತ್ತಿದ್ದರು. ಅದು ಬಡತನದ ಅನಿವಾರ್ಯತೆ. ಇಂದು ಕೆಮ್ಮಿನ ಔಷಧವನ್ನೋ ತೇಯ್ದ ಜಾಯಿಕಾಯಿಯನ್ನೋ ನಿದ್ದೆಗೆಂದು ನೆಕ್ಕಿಸುವವರಿಗೆ ಆ ನೆಪವೂ ಇಲ್ಲ. ಬೇಡ.

ಕಡೆಯದಾಗಿ ಓದುಗರಲ್ಲಿ ವಿನಂತಿ. ಕೂಸಿರುವ ಮನೆಗೆ ಹನ್ನೊಂದರಿಂದ ಮೂರರೊಳಗೆ ಹೋಗಬೇಡಿರಿ. ಹೋಗಲೇಬೇಕಾಗಿ ಬಂದರೆ ಬೆಲ್ ಒತ್ತದೆ ಕಟ್ಟೆಯ ಮೇಲೆ ಕುಳಿತುಕೊಳ್ಳಿರಿ, ಯಾರಾದರೂ ಹೊರಗೆ ಬಂದೇ ಬರುತ್ತಾರೆ. "ಕೂಸು ಮಲಗೈತೇನವಾ?" ಎಂದು ಅಂಗಳದಿಂದ ಕೂಗಿ ಮಾತ್ರ ಕೇಳಬೇಡಿರಿ. ನೀವು ಕೇಳುವ ತನಕ ಮಲಗಿತ್ತು.