ನೆಲಕ್ಕೊಂದು ಹಬೆಸ್ನಾನ

ಸ್ಟೀಮ್ ಮಾಪ್ ಮನೆಗೆ ಬಂದರೆ ಮೊದಲು ಹುಡುಕಬೇಕಾದ್ದು ಕೊಳೆಯನ್ನಲ್ಲ, 15 ಆಂಪ್ ಪ್ಲಗ್ ಪಾಯಿಂಟನ್ನು. ನಮ್ಮದು 1500 ವ್ಯಾಟಿನದು. 230 ವೋಲ್ಟಿನಿಂದ ಭಾಗಿಸಿದರೆ ಆರೂವರೆ ಆಂಪ್. ಹಾಲು, ರೂಮುಗಳಲ್ಲಿ ಇರುವುದೆಲ್ಲ ಟೀವಿ, ಟೇಬಲ್ ಫ್ಯಾನುಗಳಿಗೆಂದು ಹಾಕಿಸಿದ 5 ಆಂಪಿನ ಪುಟ್ಟ ಪಾಯಿಂಟುಗಳು. ನಮ್ಮಂಥ ಹಳೇ ಮನೆಯಲ್ಲಿ ದೊಡ್ಡ ಪಾಯಿಂಟ್ ಇರುವುದು ಎರಡೇ ಕಡೆ: ಬಚ್ಚಲಲ್ಲಿ ಗೀಸರಿಗೆ, ಅಡುಗೆಮನೆಯಲ್ಲಿ ಫ್ರಿಜ್ಜಿಗೆ. ಹೀಗಾಗಿ ಮನೆಯಿಡೀ ಫಳಫಳ ಹೊಳೆಯಿಸಲು ಬಂದ ಯಂತ್ರ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಹಗ್ಗ ಎಟುಕುವಷ್ಟು ದೂರ ಮೇದು, ಊಟದ ಮೇಜಿನ ಹತ್ತಿರ ನಿಂತುಬಿಟ್ಟಿತು.

ಎಲೆಕ್ಟ್ರಿಷಿಯನ್ ಬಂದು ಹಾಲಿನ ಗೋಡೆ ಕೊರೆದ. ಕೊರೆದ ಗಾರೆಯ ಪುಡಿಯೆಲ್ಲ ನೆಲಕ್ಕೆ ಬಿತ್ತು. ಪುಡಿಯ ಮೇಲೆ ಹಬೆ ಹಾಯಿಸಿದರೆ ಕೆಸರಾಗುತ್ತದೆ, ಮೊದಲು ಗುಡಿಸಲೇಬೇಕು ಎಂದು ಯಂತ್ರದ ಜೊತೆ ಬಂದ ಪುಸ್ತಕವೇ ಹೇಳುತ್ತದೆ. ಆದ್ದರಿಂದ ಸ್ಟೀಮ್ ಮಾಪ್ ಬಂದ ಸಂಭ್ರಮದಲ್ಲಿ ನಮ್ಮ ಮನೆಯಲ್ಲಿ ಪೊರಕೆ, ಬಕೆಟ್ಟು, ಹಳೇ ಟವೆಲ್ಲು ಮೂರೂ ಎರಡೆರಡು ಪಾಳಿ ದುಡಿದವು.

ಯಂತ್ರಕ್ಕೆ ನೀರಿನ ವಿಚಾರದಲ್ಲಿ ಮಡಿ ಜಾಸ್ತಿ. ನಮ್ಮದು ಬೋರ್ ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾದಾಗ ಬಿಳಿಯ ಪಕಳೆಯಾಗಿ ಕಟ್ಟಿಕೊಳ್ಳುತ್ತವೆ. ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಬೆ ಬರುವ ಸಣ್ಣ ತೂತಿನಲ್ಲಿ ಅದೇ ಪಕಳೆ ಕೂತರೆ ಕತೆ ಮುಗಿಯಿತು. ಡಿಸ್ಟಿಲ್ಡ್ ವಾಟರ್ ಹಾಕಿದರೆ ಒಳ್ಳೆಯದು ಎಂದು ಪುಸ್ತಕದ ಸಲಹೆ. ಅದು ಸಿಗುವುದು ಬ್ಯಾಟರಿ ಅಂಗಡಿಯಲ್ಲಿ. ಈಗ ಒಂದೇ ಕ್ಯಾನಿನಿಂದ ಇನ್ವರ್ಟರಿಗೂ ಮಾಪಿಗೂ ನೀರು ಕುಡಿಸುತ್ತೇವೆ. ಇಷ್ಟು ನೆಂಟಸ್ತನವಿದ್ದರೂ ಕರೆಂಟು ಹೋದಾಗ ಮಾಪಿನ ಸ್ವಿಚ್ ಒತ್ತಿದರೆ ಇನ್ವರ್ಟರ್ ಕೀರಲು ದನಿಯಲ್ಲಿ ಕೂಗಿಕೊಂಡು ಕೈ ಚೆಲ್ಲುತ್ತದೆ. 

ಇವರು ಪಿಯುಸಿಗೆ ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಮದುವೆಯಾದಾಗಿನಿಂದ ನೆಲ ಒರೆಸುವ ಬಟ್ಟೆಯನ್ನು ಬೆರಳಲ್ಲೂ ಮುಟ್ಟದವರು, ಕೋಲಿಗೆ ಸ್ವಿಚ್ಚೊಂದು ಬಂದದ್ದೇ ತಡ, ಪಂಚೆ ಎತ್ತಿ ಕಟ್ಟಿ ನಿಂತರು. ಒರೆಸಿದ್ದಕ್ಕಿಂತ ವಿವರಿಸಿದ್ದೇ ಹೆಚ್ಚು. "ನೋಡು, ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸೋಕೆ 100 ಕ್ಯಾಲೊರಿ. ಅದೇ ನೀರು ಹಬೆಯಾಗೋಕೆ ಇನ್ನೂ 540 ಬೇಕು. ಹಬೆ ತಣ್ಣನೆ ನೆಲಕ್ಕೆ ತಾಗಿ ನೀರಾದಾಗ ಆ 540 ಅಷ್ಟನ್ನೂ ಅಲ್ಲೇ ಸುರಿಯುತ್ತೆ. ಗುಪ್ತೋಷ್ಣ ಕಣೇ ಇದು!" ಗುಪ್ತೋಷ್ಣದ ಮಾತಾಡುತ್ತಾ ಒಂದೇ ಟೈಲ್ಸಿನ ಮೇಲೆ ನಿಂತಿದ್ದರು. ಆ ಟೈಲ್ಸು ಮಾತ್ರ ಇಂದಿಗೂ ಮಿಕ್ಕವಕ್ಕಿಂತ ಬೆಳ್ಳಗಿದೆ.

ನಿಜ ಹೇಳಬೇಕೆಂದರೆ ಕೆಲವು ಕಡೆ ಹಬೆ ಗೆದ್ದಿತು. ದೇವರ ಮನೆಯ ಮುಂದೆ ದೀಪದೆಣ್ಣೆ ಚೆಲ್ಲಿ, ಧೂಳು ಕೂತು, ಕಪ್ಪಗೆ ಅಂಟಾಗಿದ್ದ ಜಾಗ ಒಂದೆರಡು ಸಲ ಎಳೆಯುವುದರಲ್ಲಿ ಬಿಟ್ಟುಕೊಂಡಿತು. ಒಲೆಯ ಕೆಳಗಿನ ಜಿಡ್ಡೂ ಹಾಗೇ. ಅರಿಶಿನದ ಕಲೆ ಮಾತ್ರ ಜಗ್ಗಲಿಲ್ಲ. ಅರಿಶಿನ ನೀರಿಗೂ ಬಗ್ಗದು, ಹಬೆಗೂ ಬಗ್ಗದು. ಅದನ್ನು ಮಾಸಿಸುವ ತಾಕತ್ತು ಬಿಸಿಲಿಗೆ. ನೆಲವನ್ನು ಕಿತ್ತು ತಾರಸಿಯ ಮೇಲೆ ಒಣಹಾಕುವ ಯಂತ್ರ ಇನ್ನೂ ಬಂದಿಲ್ಲ. ನಡುಮನೆಯ ಕೆಂಪು ಗಾರೆ ನೆಲಕ್ಕಂತೂ ನಾನೇ ಬಿಡಲಿಲ್ಲ. ಮೇಣ ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಹೊಳಪೇರಿಸಿದ ನೆಲ ಅದು. ಹಬೆ ಸೋಕಿದರೆ ಮೇಣ ಕರಗಿ ಹೊಳಪು ಹೋಗುತ್ತದೆ. ಹೊಸ ಫ್ಲಾಟುಗಳಲ್ಲಿ ಹಾಸುವ ಮರದ ನೆಲಕ್ಕೂ ಇದು ಆಗಿಬರುವುದಿಲ್ಲ, ಸಂದಿಗೆ ಹಬೆ ನುಗ್ಗಿ ಉಬ್ಬಿಕೊಳ್ಳುತ್ತದೆ. 

ಅತ್ತೆಯವರ ತಕರಾರು ಬೇರೆ ಥರದ್ದು. ಅವರು ಸೆಗಣಿ ಸಾರಿಸಿದ ನೆಲದಲ್ಲಿ ಬೆಳೆದವರು, ಊಟವಾದ ಮೇಲೆ ಗೋಮೆ ಹಚ್ಚದೆ ಎದ್ದು ಗೊತ್ತಿಲ್ಲದವರು. "ಅಲ್ವೇ, ನೀರೇ ಹಾಕ್ದೆ ಒರೆಸಿದ್ರೆ ಎಂಜಲು ಹೋಗತ್ತೇನೇ?" ಎಂದರು. "ಹಬೆ ಅಂದ್ರೂ ನೀರೇ ಅಲ್ವಾ ಅತ್ತೆ, ಬಿಸಿ ಬೇರೆ ಇದೆ" ಎಂದೆ. ಅವರು ಯೋಚಿಸಿದರು. ನೀರೂ ಶುದ್ಧಿ ಮಾಡುತ್ತದೆ, ಅಗ್ನಿಯೂ ಶುದ್ಧಿ ಮಾಡುತ್ತದೆ. ಎರಡೂ ಸೇರಿ ಬಂದರೆ ಬೇಡವೆನ್ನಲು ಶಾಸ್ತ್ರದಲ್ಲಿ ದಾರಿ ಸಿಗಲಿಲ್ಲ. ಆದರೂ ಸೋಲುವ ಪೈಕಿಯಲ್ಲ. "ಸರಿ, ಆ ಬಟ್ಟೆ ಬಚ್ಚಲಿಗೂ ಅದೇನಾ, ದೇವರ ಮನೆಗೂ ಅದೇನಾ?" ಎಂದು ಬಾಣ ಬಿಟ್ಟರು. ದೇವರ ಮನೆಗೆಂದೇ ಬೇರೆ ಮೈಕ್ರೋಫೈಬರ್ ಬಟ್ಟೆ ತರಿಸಬೇಕಾಯಿತು. ಅದನ್ನು ಒಣಗಿಸುವ ಹಗ್ಗವೂ ಬೇರೆ.

ಮನೆಗೆಲಸಕ್ಕೆ ಬರುವಾಕೆ ಯಂತ್ರವನ್ನು ಒಂದು ಸುತ್ತು ನೋಡಿ, "ಅಕ್ಕಾ, ನಿಂತ್ಕೊಂಡು ಒರ್ಸೋದು ಚೆನ್ನಾಗೈತೆ. ಸಿಲಿಂಡರ್ ಹಿಂದ್ಗಡೆ ಯಾರು ಒರ್ಸ್ತಾರೆ?" ಎಂದಳು. ಅದಕ್ಕೆ ಫಿಸಿಕ್ಸಿನಲ್ಲೂ ಉತ್ತರವಿರಲಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತು, ಸಿಲಿಂಡರನ್ನು ಅರ್ಧ ತಿರುಗಿಸಿ, ಹಿಂದಿನಿಂದ ಎರಡು ಒಣಮೆಣಸಿನಕಾಯಿ, ಒಂದು ರಬ್ಬರ್ ಬ್ಯಾಂಡು, ಕಳೆದುಹೋಗಿದ್ದ ಕುಕ್ಕರಿನ ವೆಯ್ಟನ್ನು ಎತ್ತಿಕೊಟ್ಟಳು.

ನನಗೆ ಈ ಯಂತ್ರದ ಮೇಲಿರುವ ನಿಜವಾದ ಸಿಟ್ಟು ಇವು ಯಾವುದೂ ಅಲ್ಲ. ಇದು ಒರೆಸಿದ ನೆಲ ಬಲು ಬೇಗ ಒಣಗುತ್ತದೆ. ಪೆಟ್ಟಿಗೆಯ ಮೇಲೆ ಅದನ್ನೇ ದೊಡ್ಡ ಗುಣವೆಂದು ಅಚ್ಚು ಹಾಕಿದ್ದಾರೆ. ಬರೆದವರು ಎಂದೂ ಸಂಸಾರ ಮಾಡಿದವರಲ್ಲ. ಒದ್ದೆ ನೆಲ ಎಂದರೆ ಏನು? "ಯಾರೂ ಕಾಲಿಡಬೇಡಿ!" ಎಂದು ಒಂದು ಸಲ ಕೂಗಿದರೆ ಸಾಕು, ಇವರು ಪೇಪರ್ ಹಿಡಿದು ಸೋಫಾದ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಅತ್ತೆ ಮಂಚದಿಂದ ಇಳಿಯುತ್ತಿರಲಿಲ್ಲ. ಎದುರುಮನೆಯವರು ಕರಿಬೇವು ಕೇಳಲು ಬಂದರೂ ಹೊಸ್ತಿಲಲ್ಲೇ ಮಾತು ಮುಗಿಸುತ್ತಿದ್ದರು. ಫ್ಯಾನು ತಿರುಗುತ್ತಾ ತಿರುಗುತ್ತಾ ನೆಲ ಒಣಗುವ ಆ ಅರ್ಧ ಗಂಟೆ ಅಡುಗೆಮನೆ ನನ್ನದು, ಎರಡನೇ ಡಿಕಾಕ್ಷನ್ನಿನ ಕಾಫಿ ನನ್ನದು, ಕೆಲಸದವಳಿಗೂ ಒಂದು ಲೋಟ. ನೆರೆಹೊರೆಯ ಸುದ್ದಿಯೆಲ್ಲ ನನಗೆ ಸಿಗುತ್ತಿದ್ದುದು ಆ ಹೊತ್ತಿನಲ್ಲೇ. ಈಗ ಮಾಪು ಒಂದು ತುದಿ ಮುಟ್ಟುವ ಮೊದಲೇ ಇನ್ನೊಂದು ತುದಿ ಒಣಗಿ, ಇವರು ಅಡುಗೆಮನೆ ಬಾಗಿಲಲ್ಲಿ ನಿಂತು "ತಿಂಡಿ ಏನು?" ಎನ್ನುತ್ತಾರೆ. ಫಿನಾಯಿಲಿನ ವಾಸನೆಯೂ ಇಲ್ಲದ ಮೇಲೆ ಕೆಲಸ ನಡೆದಿದೆ ಎಂಬುದಕ್ಕೆ ಸಾಕ್ಷಿಯಾದರೂ ಎಲ್ಲಿ?

ಹಾಗಾಗಿ ನಾನೊಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಹಬೆಯಲ್ಲಿ ಒರೆಸಿ ಆದ ಮೇಲೆ ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಫಿನಾಯಿಲ್ ಹಾಕಿ, ಬಟ್ಟೆಯೊಂದನ್ನು ಅದ್ದಿ ಅಂಚಿನ ಮೇಲೆ ಇಳಿಬಿಟ್ಟು, ಹಾಲಿನ ಬಾಗಿಲಲ್ಲಿ ಇಡುತ್ತೇನೆ. "ಒದ್ದೆ ಇದೆಯೇನೇ?" ಎಂದು ಸೋಫಾದಿಂದಲೇ ಕೇಳುತ್ತಾರೆ ಇವರು. "ಹೂಂ, ಈಗಷ್ಟೇ ಒರೆಸಿದ್ದೀನಿ" ಎನ್ನುತ್ತೇನೆ. ಇಷ್ಟು ವರ್ಷ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸಿದವರು, ಬಗ್ಗಿ ನೆಲ ಮುಟ್ಟಿ ನೋಡಿದ್ದು ಇಲ್ಲ.